ಕಡಲ ಅಕ್ವೇರಿಯಂನ ಬೇಟೆಗಾರ ಮೀನುಗಳು: ಜಗಳ ಮತ್ತು ಆಹಾರದ ನಿರ್ವಹಣೆ

ಬೇರೆ ಮೀನು, ಸಿಗಡಿ, ಏಡಿ, ಚಿಪ್ಪುಜೀವಿಗಳನ್ನು ತಿಂದು ಬದುಕುವ ಕಡಲ ಮೀನುಗಳನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಸಾಕುವುದು ಅಕ್ವೇರಿಯಂ ಸಾಕಣೆಯ ಒಂದು ಪ್ರತ್ಯೇಕ ಶಾಖೆ. ಸಿಂಹಮೀನು ಅಥವಾ ಲಯನ್‌ಫಿಶ್, ಗ್ರೂಪರ್, ಟ್ರಿಗರ್‌ಫಿಶ್, ಮೊರೆ ಹಾವುಮೀನು, ಕಪ್ಪೆಮೀನು, ಪಫರ್ ಇವು ಇಂಥ ತೊಟ್ಟಿಯ ಮುಖ್ಯ ನಿವಾಸಿಗಳು. ಸಿಗಡಿ, ಏಡಿಗಳನ್ನು ಇವು ಉಳಿಸುವುದಿಲ್ಲ. ಟ್ರಿಗರ್, ಪಫರ್‌ಗಳು ಹವಳವನ್ನೂ ಕಡಿಯುತ್ತವೆ. ಆದ್ದರಿಂದ ಬೇಟೆಗಾರರ ತೊಟ್ಟಿಯಲ್ಲಿ ಸಾಮಾನ್ಯವಾಗಿ ಮೀನು ಮತ್ತು ಕಲ್ಲುಬಂಡೆಗಳಷ್ಟೇ ಇರುತ್ತವೆ.

ಸಾಕುವವರ ಮುಂದೆ ಇರುವ ಪ್ರಶ್ನೆಗಳು ಎರಡು: ಯಾವ ಮೀನು ಯಾವುದನ್ನು ಕಚ್ಚೀತು, ಯಾವುದಕ್ಕೆ ಏನು ತಿನ್ನಿಸಬೇಕು. ಹೊಟ್ಟೆ ತುಂಬಿಸಿದರೆ ಜಗಳ ತಾನಾಗಿ ನಿಲ್ಲುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಹಸಿವಿನಿಂದ ನಡೆಯುವ ಬೇಟೆ ಬೇರೆ, ಜಾಗಕ್ಕಾಗಿ ನಡೆಯುವ ಜಗಳ ಬೇರೆ. ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಹಿನ್ನೆಲೆ

ಮೊದಲ ಸಾರ್ವಜನಿಕ ಅಕ್ವೇರಿಯಂ 1853ರಲ್ಲಿ ಲಂಡನ್ ಮೃಗಾಲಯದಲ್ಲಿ ತೆರೆಯಿತು. ಅದರಲ್ಲಿ ಪಾಲುಗೊಂಡಿದ್ದ ನಿಸರ್ಗತಜ್ಞ ಫಿಲಿಪ್ ಹೆನ್ರಿ ಗಾಸ್ ಮರುವರ್ಷ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಪ್ರಕಟಿಸಿ ಆ ಪದಕ್ಕೇ ಪ್ರಚಾರ ತಂದರು. ಆದರೂ ಕಡಲಿನಿಂದ ದೂರದ ಮನೆಗಳಲ್ಲಿ ಉಷ್ಣವಲಯದ ಕಡಲ ಮೀನುಗಳನ್ನು ಉಳಿಸಿಕೊಳ್ಳುವುದು ಮುಂದಿನ ನೂರು ವರ್ಷ ಕಷ್ಟವಾಗಿಯೇ ಇತ್ತು. 1960ರ ದಶಕದಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಕೃತಕ ಸಮುದ್ರದ ಉಪ್ಪು ಬಳಕೆಗೆ ಬಂತು. ವಿಮಾನ ಸಾಗಣೆಯೂ ಹೆಚ್ಚಿದ ಮೇಲೆ ಈ ಹವ್ಯಾಸ ಬೆಳೆಯಿತು.

ಮೀನುಗಳ ಜಗಳದ ಅಧ್ಯಯನಕ್ಕೂ ಅಕ್ವೇರಿಯಂಗೂ ಹಳೆಯ ನಂಟಿದೆ. ಆಸ್ಟ್ರಿಯಾದ ಪ್ರಾಣಿವರ್ತನ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ 1963ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ, ಆಕ್ರಮಣಶೀಲತೆಯನ್ನು ಕುರಿತ ಪುಸ್ತಕ ಆರಂಭವಾಗುವುದೇ ಫ್ಲಾರಿಡಾದ ಹವಳ ದಿಬ್ಬಗಳಲ್ಲಿ. ಅಲ್ಲಿ ನೀರಿಗಿಳಿದು ನೋಡಿದ್ದನ್ನೂ ತಮ್ಮ ತೊಟ್ಟಿಗಳಲ್ಲಿ ಕಂಡದ್ದನ್ನೂ ಹೋಲಿಸಿದ ಅವರು, ಗಾಢ ಬಣ್ಣದ ಹವಳಮೀನುಗಳು ಹೆಚ್ಚಾಗಿ ಕಾದಾಡುವುದು ತಮ್ಮದೇ ಜಾತಿಯವುಗಳ ಜೊತೆ ಎಂದು ಹೇಳಿದರು. ಬೇಟೆಯಾಡುವ ಪ್ರಾಣಿಗೆ ತನ್ನ ಬೇಟೆಯ ಮೇಲೆ ಸಿಟ್ಟಿರುವುದಿಲ್ಲ, ಅದನ್ನು ಆಕ್ರಮಣದ ಲೆಕ್ಕಕ್ಕೆ ಸೇರಿಸಬಾರದು ಎಂದು ಒತ್ತಿ ಹೇಳಿದವರೂ ಅವರೇ. 1973ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಲೊರೆಂಟ್ಸ್ ಒಬ್ಬರು. ಆಕ್ರಮಣಶೀಲತೆ ಒಳಗೊಳಗೇ ತುಂಬಿಕೊಂಡು ಹೊರಚೆಲ್ಲಲೇಬೇಕು ಎಂಬ ಅವರ ವಾದವನ್ನು ನಂತರದ ವಿಜ್ಞಾನಿಗಳು ಒಪ್ಪಲಿಲ್ಲ. ಬೇಟೆ ಮತ್ತು ಜಗಳವನ್ನು ಬೇರ್ಪಡಿಸಿದ ವಿಂಗಡಣೆ ಮಾತ್ರ ಇಂದಿಗೂ ಉಪಯುಕ್ತವಾಗಿದೆ.

ಬೇಟೆ ಮತ್ತು ಜಗಳ

ಬೇಟೆಯ ಲೆಕ್ಕ ಸರಳ. ಬಾಯಿಗೆ ಹಿಡಿಸುವ ಗಾತ್ರದ ಯಾವ ಜೀವಿಯೂ ಆಹಾರವೇ. ಸಿಂಹಮೀನಿನ ತೊಟ್ಟಿಗೆ ಚಿಕ್ಕ ಡ್ಯಾಮ್ಸೆಲ್ ಮೀನನ್ನು ಬಿಟ್ಟರೆ ಕೆಲವು ದಿನ ಏನೂ ಆಗದಿರಬಹುದು. ಒಂದು ಬೆಳಗ್ಗೆ ಅದು ಕಾಣೆಯಾಗಿರುತ್ತದೆ. ಅಟ್ಟಾಟವಾಗಲಿ ಹರಿದ ರೆಕ್ಕೆಯಾಗಲಿ ಕಾಣುವುದಿಲ್ಲ.

ಜಗಳಕ್ಕೆ ಗುರುತುಗಳಿರುತ್ತವೆ. ರೆಕ್ಕೆಗಳನ್ನು ನಿಮಿರಿಸುವುದು, ಬಣ್ಣ ಗಾಢವಾಗುವುದು, ಪಕ್ಕಕ್ಕೆ ಪಕ್ಕ ನಿಂತು ಮೈ ದೊಡ್ಡದಾಗಿ ತೋರಿಸುವುದು, ಬೆನ್ನಟ್ಟುವುದು, ಕೊನೆಗೆ ಕಚ್ಚುವುದು. ಸೋತ ಮೀನು ಮೂಲೆ ಹಿಡಿಯುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ, ಊಟ ಬಿಡುತ್ತದೆ. ಕಡಲಿನಲ್ಲಿ ಸೋತ ಮೀನು ಈಜಿ ದೂರ ಹೋಗಬಹುದು. ತೊಟ್ಟಿಯಲ್ಲಿ ಗಾಜು ಅಡ್ಡ ಬರುತ್ತದೆ. ಗೆದ್ದ ಮೀನಿಗೆ ಎದುರಾಳಿ ಇನ್ನೂ ತನ್ನ ಗಡಿಯೊಳಗೇ ಇದ್ದಂತೆ ಕಾಣುತ್ತದೆ. ಕಡಲಿನಲ್ಲಿ ನಿಮಿಷದಲ್ಲಿ ಮುಗಿಯುವ ಜಗಳ ತೊಟ್ಟಿಯಲ್ಲಿ ಸಾವಿನವರೆಗೆ ಎಳೆಯಲು ಇದೇ ಕಾರಣ.

ಎರಡರ ನಡುವಿನ ಗೆರೆ ಯಾವಾಗಲೂ ಅಷ್ಟು ಸ್ಪಷ್ಟವಾಗಿರುವುದಿಲ್ಲ. 2016ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಅಕ್ವೇರಿಯಂ ಒಂದರಲ್ಲಿ ಹೆಣ್ಣು ಸ್ಯಾಂಡ್ ಟೈಗರ್ ಶಾರ್ಕ್ ಅದೇ ತೊಟ್ಟಿಯ ಚಿಕ್ಕ ಶಾರ್ಕನ್ನು ನುಂಗಲು ತೊಡಗಿತು. ನೋಡುವವರಿಗೆ ಅದು ಬೇಟೆ. ಅಲ್ಲಿನ ಸಿಬ್ಬಂದಿ ಕೊಟ್ಟ ವಿವರಣೆ, ಜಾಗದ ವಿಷಯಕ್ಕೆ ಡಿಕ್ಕಿಯಾಗಿ ಹುಟ್ಟಿದ ಜಗಳ ಎಂದು.

ಮುಖ್ಯ ಗುಂಪುಗಳು

ಸಿಂಹಮೀನು. ಟೆರೋಯಿಸ್ ಮತ್ತು ಡೆಂಡ್ರೋಕೈರಸ್ ಕುಲಗಳಿಗೆ ಸೇರಿದ ಇವು ಬೀಸಣಿಗೆಯಂಥ ರೆಕ್ಕೆಗಳನ್ನು ಹರಡಿ, ಬೇಟೆಯನ್ನು ಮೂಲೆಗೆ ಒತ್ತಿ, ಒಮ್ಮೆಲೇ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತವೆ. ಸಾಮಾನ್ಯವಾಗಿ ಮಾರಾಟವಾಗುವ ಟೆರೋಯಿಸ್ ವೊಲಿಟಾನ್ಸ್ ಸುಮಾರು 38 ಸೆಂ.ಮೀ. ಬೆಳೆಯುತ್ತದೆ, ಒಂದಕ್ಕೇ 450 ಲೀಟರಿನಷ್ಟು ನೀರು ಬೇಕೆಂಬುದು ಅನುಭವಿಗಳ ಸಾಮಾನ್ಯ ಸಲಹೆ. ಕುಳ್ಳ ಜಾತಿಯ ಡೆಂಡ್ರೋಕೈರಸ್ ಬ್ರಾಕಿಪ್ಟೆರಸ್ ಸುಮಾರು 17 ಸೆಂ.ಮೀ.ಗೆ ನಿಲ್ಲುತ್ತದೆ. ಸಿಂಹಮೀನು ನುಂಗುತ್ತದೆಯೇ ಹೊರತು ಕಾಲುಕೆರೆದು ಜಗಳಕ್ಕೆ ಹೋಗುವುದು ಕಡಿಮೆ. ನಿಧಾನವಾಗಿ ಈಜುವ ಇದರ ಉದ್ದನೆಯ ರೆಕ್ಕೆಗಳನ್ನು ಟ್ರಿಗರ್, ಪಫರ್‌ಗಳು ಕಚ್ಚಿ ಹರಿಯುವುದೇ ಹೆಚ್ಚು.

ಗ್ರೂಪರ್. ದಕ್ಷಿಣ ಕನ್ನಡದ ಮಾರುಕಟ್ಟೆಯಲ್ಲಿ ಮುರು ಮೀನು ಎಂದು ಕರೆಯುವುದು ಈ ಗುಂಪನ್ನೇ. ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಪ್ಯಾಂಥರ್ ಗ್ರೂಪರ್ ಮರಿ ಬೆರಳುದ್ದವಿದ್ದಾಗ ಬಲು ಚೆಂದ. ಬೆಳೆದರೆ 70 ಸೆಂ.ಮೀ. ಮರಿಯಾಗಿದ್ದಾಗ ಜೊತೆಗಿದ್ದ ಮೀನುಗಳೇ ಮುಂದೆ ಅದರ ತುತ್ತಾಗುತ್ತವೆ.

ಟ್ರಿಗರ್‌ಫಿಶ್. ಬೆನ್ನಿನ ಮೊದಲ ಮುಳ್ಳನ್ನು ನಿಮಿರಿಸಿ ಬೀಗ ಹಾಕಿಕೊಳ್ಳುವ, ಎರಡನೆಯ ಮುಳ್ಳು ಒತ್ತಿದಾಗಷ್ಟೇ ಬೀಗ ತೆರೆಯುವ ರಚನೆಯಿಂದ ಬಂದೂಕಿನ ಕುದುರೆಯ ಹೆಸರು ಇವಕ್ಕೆ ಅಂಟಿದೆ. ಏಡಿ, ಸೀ ಅರ್ಚಿನ್‌ಗಳನ್ನು ಒಡೆಯಬಲ್ಲ ಹಲ್ಲು ಇವಕ್ಕಿದೆ. ಕಲ್ಲು ಎತ್ತಿಡುವುದು, ಹೀಟರಿನ ವೈರು ಕಡಿಯುವುದು ಮಾಮೂಲು. ಕ್ಲೌನ್ ಟ್ರಿಗರ್ ಮತ್ತು ಅಂಡ್ಯುಲೇಟೆಡ್ ಟ್ರಿಗರ್ ಜಗಳಗಂಟಿತನಕ್ಕೆ ಹೆಸರಾದವು. ಇವನ್ನು ಒಂಟಿಯಾಗಿ ಸಾಕುವವರೇ ಹೆಚ್ಚು. ಹೆಚ್ಚಾಗಿ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು ತಿನ್ನುವ ಓಡೋನಸ್ ನೈಗರ್ ಇವುಗಳಲ್ಲಿ ಸಾಧು. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಕಾರ್ಗಿಲ್ ಮೀನು ಎಂದು ಕರೆಯಿಸಿಕೊಂಡು ಮೀನುಹುಡಿ ಕಾರ್ಖಾನೆಗೆ ಹೋಗುವ ಮೀನೂ ಇದೇ. ಬಲೆಯಲ್ಲಿ ಅಗ್ಗವಾದದ್ದು ಅಕ್ವೇರಿಯಂ ಅಂಗಡಿಯಲ್ಲಿ ದುಬಾರಿ.

ಮೊರೆ ಹಾವುಮೀನು. ಕಣ್ಣು ಮಂದ, ಮೂಗು ಚುರುಕು. ಗಂಟಲಿನೊಳಗೆ ಇನ್ನೊಂದು ಜೊತೆ ದವಡೆ ಇದ್ದು, ಅದು ಮುಂದೆ ಚಾಚಿ ಬಂದು ಬೇಟೆಯನ್ನು ಒಳಗೆಳೆಯುತ್ತದೆ ಎಂಬುದನ್ನು ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ 2007ರಲ್ಲಿ ತೋರಿಸಿದರು. ಮೊಂಡು ಹಲ್ಲಿನ ಸ್ನೋಫ್ಲೇಕ್ ಮೊರೆ ಹೆಚ್ಚಾಗಿ ಏಡಿ, ಸಿಗಡಿ ತಿನ್ನುವುದರಿಂದ ದೊಡ್ಡ ಮೀನುಗಳ ಜೊತೆ ಹೊಂದಿಕೊಳ್ಳುತ್ತದೆ. ಚೂಪು ಹಲ್ಲಿನ ಮೊರೆಗಳು ಮೀನು ತಿನ್ನುವವು. ಬೆರಳು ತೂರುವಷ್ಟು ಸಂದಿ ಸಿಕ್ಕರೂ ಮೊರೆ ಹೊರಬಿದ್ದು ನೆಲದ ಮೇಲೆ ಸಾಯುತ್ತದೆ. ಭದ್ರವಾದ ಮುಚ್ಚಳ ಇಲ್ಲಿ ಅನಿವಾರ್ಯ. ಕಡಲಿನಲ್ಲಿ ಬೇಟೆಗಾರರು ಯಾವಾಗಲೂ ಪರಸ್ಪರ ವೈರಿಗಳಲ್ಲ. ಕೆಂಪು ಸಮುದ್ರದಲ್ಲಿ ಗ್ರೂಪರ್ ತಲೆಯಾಡಿಸಿ ದೈತ್ಯ ಮೊರೆಯನ್ನು ಬಿಲದಿಂದ ಹೊರಡಿಸಿ, ಎರಡೂ ಕೂಡಿ ಬೇಟೆಯಾಡುವುದನ್ನು ರೆಡುವಾನ್ ಬ್ಷಾರಿ ಮತ್ತು ಸಂಗಡಿಗರು 2006ರಲ್ಲಿ ವರದಿ ಮಾಡಿದ್ದಾರೆ.

ಕಪ್ಪೆಮೀನು. ಹಣೆಯ ಮೇಲಿನ ಗಾಳದಂಥ ತಂತುವನ್ನು ಆಡಿಸಿ ಬೇಟೆಯನ್ನು ಬಳಿಗೆ ಸೆಳೆಯುತ್ತದೆ. ಬಾಯಿ ತೆರೆದು ನುಂಗುವ ಕ್ರಿಯೆ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಮುಗಿಯುತ್ತದೆ. ತನ್ನಷ್ಟೇ ಉದ್ದದ ಮೀನನ್ನೂ ನುಂಗಬಲ್ಲದಾದ್ದರಿಂದ ಒಂಟಿಯಾಗಿಯೇ ಇಡಬೇಕು.

ಪಫರ್. ಕೊಕ್ಕಿನಂತೆ ಕೂಡಿಕೊಂಡ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಚಿಪ್ಪು ಅಗಿಯಲು ಸಿಗದಿದ್ದರೆ ಹಲ್ಲು ಬೆಳೆದು ಬಾಯಿ ತೆರೆಯಲಾಗದೆ ಮೀನು ಉಪವಾಸ ಬೀಳುತ್ತದೆ.

ಜಗಳಕ್ಕೆ ಕಾರಣಗಳು

ಜಾಗ, ಜಾತಿ, ಸಂತಾನ ಇವು ಮೂರು ಮುಖ್ಯ ಕಾರಣಗಳು. ತೊಟ್ಟಿಗೆ ಮೊದಲು ಬಂದ ಮೀನು ಇಡೀ ತೊಟ್ಟಿಯನ್ನೇ ತನ್ನದೆಂದು ಹಿಡಿದುಕೊಳ್ಳುತ್ತದೆ; ತಡವಾಗಿ ಬಂದದ್ದು ಅದರ ಕಣ್ಣಿಗೆ ನುಗ್ಗಿದ ಕಳ್ಳ. ಒಂದೇ ಜಾತಿಯ, ಅಥವಾ ಬಣ್ಣ, ಮೈಕಟ್ಟು, ಆಹಾರ ಒಂದೇ ತರಹದ ಮೀನುಗಳ ನಡುವೆ ಪೈಪೋಟಿ ಹೆಚ್ಚು. ಗೂಡು ಕಾಯುವ ಕಾಲದಲ್ಲಿ ಸಾಧು ಮೀನೂ ಉಗ್ರವಾಗುತ್ತದೆ. ಟೈಟನ್ ಟ್ರಿಗರ್ ತನ್ನ ಗೂಡಿನ ಮೇಲೆ ಲಾಳಿಕೆಯಂತೆ ಮೇಲಕ್ಕೆ ಅಗಲವಾಗುವ ಪ್ರದೇಶವನ್ನು ಕಾಯುತ್ತದೆ. ಮುಳುಗುಗಾರರನ್ನೂ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಅದಕ್ಕೆ ಮನುಷ್ಯನನ್ನು ತಿನ್ನುವ ಉದ್ದೇಶ ಖಂಡಿತ ಇಲ್ಲ.

ಈ ಮೂರಕ್ಕೂ ಊಟದಿಂದ ಪರಿಹಾರವಿಲ್ಲ. ಹೊಟ್ಟೆ ತುಂಬಿದ ಟ್ರಿಗರ್ ಹೊಸ ಟ್ರಿಗರನ್ನು ಹೊಡೆಯದೆ ಬಿಡುವುದಿಲ್ಲ. ಆದರೆ ಆಹಾರ ಬೀಳುವ ಒಂದೇ ಜಾಗಕ್ಕಾಗಿ ಎಲ್ಲವೂ ಮುಗಿಬಿದ್ದಾಗ ಹಸಿವು ಮತ್ತು ಪೈಪೋಟಿ ಒಂದಾಗುತ್ತವೆ. ಆಗ ಮಾತ್ರ ಊಟದ ಕ್ರಮ ಬದಲಿಸಿ ಜಗಳ ತಗ್ಗಿಸಬಹುದು.

ಜಗಳ ತಡೆಯುವ ಕ್ರಮಗಳು

ಮೊದಲ ಕ್ರಮ ಆಯ್ಕೆ. ಅಂಗಡಿಯಲ್ಲಿ ಕಾಣುವ ಗಾತ್ರವನ್ನು ಬಿಟ್ಟು, ಬೆಳೆದಾಗಿನ ಗಾತ್ರ ಮತ್ತು ಬಾಯಿಯ ಅಗಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡನೆಯದು ಸರದಿ. ಸಾಧು ಮೀನುಗಳನ್ನು ಮೊದಲು ಬಿಟ್ಟು, ಅವು ನೆಲೆ ಕಂಡುಕೊಂಡ ಮೇಲೆ ಉಗ್ರ ಮೀನನ್ನು ಕೊನೆಗೆ ಬಿಡುವುದು ರೂಢಿ. ಸಾಧ್ಯವಾದರೆ ಉಗ್ರ ಮೀನು ಗಾತ್ರದಲ್ಲಿ ಸ್ವಲ್ಪ ಚಿಕ್ಕದಿರಬೇಕು, ಆದರೆ ಹಳೆಯವುಗಳ ಬಾಯಿಗೆ ಸಿಗುವಷ್ಟು ಚಿಕ್ಕದಿರಬಾರದು.

ಹೊಸ ಮೀನನ್ನು ನೇರವಾಗಿ ಬಿಡುವ ಬದಲು ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿಟ್ಟು ತೊಟ್ಟಿಯೊಳಗೇ ಕೆಲವು ದಿನ ತೂಗುಹಾಕುತ್ತಾರೆ. ಹಳೆಯ ಮೀನು ಬಂದು ಗಾಜಿಗೆ ಗುದ್ದಿ, ಸೋತು, ಕೊನೆಗೆ ಆಸಕ್ತಿ ಕಳೆದುಕೊಳ್ಳುತ್ತದೆ. ಆಮೇಲೆ ದೀಪ ಆರಿಸಿ, ಹಳೆಯವುಗಳಿಗೆ ಊಟ ಕೊಟ್ಟು, ಹೊಸದನ್ನು ಬಿಡುವುದು. ಅದೇ ಹೊತ್ತಿಗೆ ಕಲ್ಲುಗಳ ಜೋಡಣೆ ಬದಲಿಸಿದರೆ ಹಳೆಯ ಗಡಿಗುರುತುಗಳು ಅಳಿಸಿ, ಎಲ್ಲ ಮೀನುಗಳೂ ಹೊಸಬರಾಗುತ್ತವೆ. ಒಂದಕ್ಕೊಂದು ಕಾಣದಂತೆ ಕಲ್ಲುಗಳನ್ನು ಎತ್ತರಕ್ಕೆ ಜೋಡಿಸುವುದು, ಮೀನುಗಳ ಸಂಖ್ಯೆಗಿಂತ ಹೆಚ್ಚು ಗುಹೆಗಳನ್ನು ಮಾಡುವುದು ಸೋತ ಮೀನಿಗೆ ಉಸಿರಾಡಲು ಅವಕಾಶ ಕೊಡುತ್ತದೆ. ಟ್ರಿಗರ್ ಇರುವ ತೊಟ್ಟಿಯಲ್ಲಿ ಕಲ್ಲು ಉರುಳದಂತೆ ಅಂಟಿಸಬೇಕು.

ಸಿಹಿನೀರಿನ ಸಿಕ್ಲಿಡ್ ಸಾಕುವವರು ತೊಟ್ಟಿಯನ್ನು ಬೇಕೆಂದೇ ದಟ್ಟವಾಗಿ ತುಂಬಿ, ಯಾವ ಒಂದು ಮೀನೂ ಗುರಿಯಾಗದಂತೆ ಜಗಳವನ್ನು ಹಂಚಿಬಿಡುತ್ತಾರೆ. ಕಡಲ ಬೇಟೆಗಾರರಲ್ಲಿ ಈ ಉಪಾಯ ನಡೆಯದು. ದೊಡ್ಡ ತುತ್ತು ತಿನ್ನುವ ಇವು ಹೊರಹಾಕುವ ಕಸವನ್ನು ಶೋಧಕ ತಡೆದುಕೊಳ್ಳಲಾರದು. ಒಂದು ಮೀನು ಎರಡು ದಿನ ಊಟ ಬಿಟ್ಟಿದ್ದರೆ, ರೆಕ್ಕೆ ಹರಿದು ಮೇಲ್ಮೈ ಮೂಲೆಯಲ್ಲಿ ನಿಂತಿದ್ದರೆ, ಕಾಯದೆ ಅಡ್ಡ ಜಾಲರಿ ಹಾಕಿ ಬೇರ್ಪಡಿಸಬೇಕು. ಕೊನೆಯ ದಾರಿ ಜಗಳಗಂಟ ಮೀನನ್ನು ತೊಟ್ಟಿಯಿಂದಲೇ ತೆಗೆಯುವುದು.

ಆಹಾರ

ಜೀವಂತ ಮೀನು ಬೇಟೆಗಾರನಿಗೆ ಸಹಜ ಆಹಾರ ಎಂದು ಅಗ್ಗದ ಗೋಲ್ಡ್‌ಫಿಶ್ ತಂದು ಹಾಕುವುದು ಈ ಹವ್ಯಾಸದ ಅತಿ ಹಳೆಯ ತಪ್ಪು. ಇದರಲ್ಲಿ ತೊಂದರೆಗಳು ಹಲವು. ಗೋಲ್ಡ್‌ಫಿಶ್‌ನಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದ್ದು, ಅದು ವಿಟಮಿನ್ ಬಿ1ನ್ನು ಒಡೆದುಹಾಕುತ್ತದೆ. ಬಹುಕಾಲ ಅದನ್ನೇ ತಿಂದ ಮೀನಿಗೆ ನರಗಳ ತೊಂದರೆ ಬಂದು ಈಜಿನ ಸಮತೋಲ ತಪ್ಪುತ್ತದೆ. ಕಡಲ ಮೀನಿಗೆ ಆಹಾರದಿಂದಲೇ ಸಿಗಬೇಕಾದ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳು ಸಿಹಿನೀರಿನ ಮೀನಿನಲ್ಲಿ ಸಾಕಷ್ಟಿರುವುದಿಲ್ಲ. ಪಿತ್ತಜನಕಾಂಗದಲ್ಲಿ ಕೊಬ್ಬು ಕಟ್ಟುವ ರೋಗಕ್ಕೂ ಇಂಥ ಆಹಾರ ದಾರಿ. ಅಂಗಡಿಯ ಇಕ್ಕಟ್ಟಿನ ತೊಟ್ಟಿಯ ರೋಗಾಣುಗಳೂ ಜೊತೆಗೆ ಬರುತ್ತವೆ.

ಥಯಾಮಿನೇಸ್ ಗೋಲ್ಡ್‌ಫಿಶ್‌ಗೆ ಮಾತ್ರ ಸೀಮಿತವಲ್ಲ. ಬೂತಾಯಿ, ಕೊಲ್ಲತರು ಮೀನುಗಳ ವಂಶದ ಹಲವು ಜಾತಿಗಳಲ್ಲೂ ಅದಿದೆ. ಫ್ರೀಜರಿನ ಚಳಿಗೆ ಈ ಕಿಣ್ವ ನಾಶವಾಗದು, ಬೇಯಿಸಿದರಷ್ಟೇ ಹೋಗುತ್ತದೆ. ಆದ್ದರಿಂದ ಸೂತ್ರ ಒಂದೇ: ಯಾವ ಒಂದು ಆಹಾರವನ್ನೂ ನೆಚ್ಚಿಕೊಳ್ಳಬಾರದು. ಸಿಗಡಿ, ಬೊಂಡಾಸ, ಏಡಿ, ಮರುವಾಯಿ, ಬಿಳಿ ಮಾಂಸದ ಮೀನು ಇವನ್ನು ಸರದಿಯಲ್ಲಿ ಕೊಡಬೇಕು. ಉಪ್ಪು ಮಸಾಲೆ ಸೋಂಕದ, ತಾಜಾ ಅಥವಾ ಹೆಪ್ಪುಗಟ್ಟಿಸಿದ ಮಾಲೇ ಆಗಬೇಕು. ಸಿಗಡಿಯನ್ನು ಸಿಪ್ಪೆ ಸಮೇತ, ಚಿಕ್ಕ ಮೀನನ್ನು ತಲೆ, ಮುಳ್ಳು, ಕರುಳು ಸಮೇತ ಕೊಡುವುದು ಲೇಸು. ಬರೀ ಮಾಂಸದ ತುಂಡಿನಲ್ಲಿ ಸುಣ್ಣದಂಶವೂ ಜೀವಸತ್ವಗಳೂ ಕಡಿಮೆ. ವಾರಕ್ಕೊಮ್ಮೆಯಾದರೂ ವಿಟಮಿನ್ ದ್ರವದಲ್ಲಿ ಅದ್ದಿದ ತುಂಡು ಕೊಡುವ ಅಭ್ಯಾಸವಿದೆ. ಪಫರ್ ಮತ್ತು ಟ್ರಿಗರ್‌ಗೆ ಚಿಪ್ಪಿನೊಳಗಿರುವ ಮರುವಾಯಿ ಊಟವೂ ಹೌದು, ಹಲ್ಲು ಸವೆಸುವ ಸಾಧನವೂ ಹೌದು.

ಕಡಲಿನಿಂದ ಹಿಡಿದು ತಂದ ಸಿಂಹಮೀನು ಅಥವಾ ಕಪ್ಪೆಮೀನು ಅಲುಗದ ಆಹಾರವನ್ನು ಆಹಾರವೆಂದೇ ಗುರುತಿಸದು. ಅದನ್ನು ಹಂತಹಂತವಾಗಿ ಒಗ್ಗಿಸಬೇಕು. ಮೊದಲು ಜೀವಂತ ಸಿಗಡಿ, ಅಥವಾ ಉಪ್ಪುನೀರಿಗೆ ಒಗ್ಗಿಸಿದ ಮೋಲಿ ಮೀನು. ಅವಕ್ಕೂ ಹಿಂದಿನ ದಿನ ಒಳ್ಳೆಯ ಮೇವು ತಿನ್ನಿಸಿದರೆ ಆ ಪೋಷಣೆ ಬೇಟೆಗಾರನಿಗೂ ದಾಟುತ್ತದೆ. ನಂತರ ಕಡ್ಡಿಯ ತುದಿಗೆ ಸಿಗಡಿ ತುಂಡು ಸಿಕ್ಕಿಸಿ, ಜೀವವಿರುವಂತೆ ನೀರಿನಲ್ಲಿ ಆಡಿಸುವುದು. ಕೆಲವು ದಿನದಿಂದ ಕೆಲವು ವಾರದೊಳಗೆ ಬಹುಪಾಲು ಮೀನು ಕಡ್ಡಿಯನ್ನೇ ಊಟದ ಕರೆಯೆಂದು ಕಲಿಯುತ್ತವೆ.

ಈ ಕಡ್ಡಿಗೆ ಇನ್ನೊಂದು ಉಪಯೋಗವಿದೆ. ದೊಡ್ಡ ಸಾರ್ವಜನಿಕ ಅಕ್ವೇರಿಯಂಗಳಲ್ಲಿ ಪ್ರತಿ ಶಾರ್ಕ್‌ಗೂ ಪ್ರತ್ಯೇಕ ಜಾಗ, ಪ್ರತ್ಯೇಕ ಆಕಾರದ ಗುರುತು ತೋರಿಸಿ ಉದ್ದ ಕೋಲಿನಿಂದ ತಿನ್ನಿಸುತ್ತಾರೆ. ಮನೆಯ ತೊಟ್ಟಿಯಲ್ಲೂ ಹಾಗೆ ಮಾಡಬಹುದು: ಚುರುಕಾದ ಟ್ರಿಗರ್‌ಗೆ ಒಂದು ತುದಿಯಲ್ಲಿ ಮೊದಲು ಹಾಕಿ, ಅದು ಅಗಿಯುತ್ತಿರುವಾಗ ಇನ್ನೊಂದು ತುದಿಯಲ್ಲಿ ಸಿಂಹಮೀನಿಗೆ, ಕೊನೆಗೆ ಬಿಲದ ಬಾಯಲ್ಲಿ ಮೊರೆಗೆ. ಮಂದಗಣ್ಣಿನ ಮೊರೆ ಆಹಾರದ ವಾಸನೆಗೆ ಏನು ಸಿಕ್ಕರೂ ಕಚ್ಚುವುದರಿಂದ ಬರಿಗೈಯಲ್ಲಿ ತಿನ್ನಿಸಬಾರದು.

ಪ್ರಮಾಣದಲ್ಲಿ ಎಡವುವವರೇ ಹೆಚ್ಚು. ಸಿಂಹಮೀನಿನ ಜಠರ 30 ಪಟ್ಟು ಹಿಗ್ಗಬಲ್ಲದು; ಅದು ವಾರಗಟ್ಟಲೆ ಉಪವಾಸವನ್ನೂ ತಾಳಬಲ್ಲದು. ಸಿಕ್ಕಾಗ ತುಂಬಿಕೊಂಡು ಸಿಗದಾಗ ಕಾಯುವ ಈ ಮೈಗೆ ದಿನವೂ ಹೊಟ್ಟೆತುಂಬ ಊಟ ಕೊಟ್ಟರೆ ಬೊಜ್ಜು ಬರುತ್ತದೆ. ಒಮ್ಮೆಗೆ ವಿಪರೀತ ತಿಂದದ್ದನ್ನು ಕಕ್ಕುವುದೂ ಉಂಟು. ಮರಿಗಳಿಗೆ ದಿನಕ್ಕೊಮ್ಮೆ, ಬೆಳೆದ ಸಿಂಹಮೀನು, ಗ್ರೂಪರ್, ಮೊರೆಗಳಿಗೆ ವಾರಕ್ಕೆ ಎರಡು ಮೂರು ಸಲ ಸಾಕು. ದಿನವಿಡೀ ಮೇಯುವ ಸ್ವಭಾವದ ಟ್ರಿಗರ್, ಪಫರ್‌ಗಳಿಗೆ ಮಾತ್ರ ಸ್ವಲ್ಪಸ್ವಲ್ಪವಾಗಿ ದಿನವೂ ಬೇಕು.

ನೀರು ಮತ್ತು ಆರೋಗ್ಯ

ಮಾಂಸಾಹಾರಿಗಳ ಊಟದಲ್ಲಿ ಪ್ರೋಟೀನ್ ಹೆಚ್ಚು, ಹಾಗಾಗಿ ನೀರಿಗೆ ಸೇರುವ ಅಮೋನಿಯಾವೂ ಹೆಚ್ಚು. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಚಕ್ರ ನೆಲೆಗೊಳ್ಳುವ ಮುನ್ನ ಮೀನು ಬಿಡಬಾರದು. ನೊರೆಯ ಮೂಲಕ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ದೊಡ್ಡ ಅಳತೆಯದಿರಬೇಕು, ತಿನ್ನದೆ ಬಿಟ್ಟ ತುಂಡನ್ನು ಕೂಡಲೇ ತೆಗೆಯಬೇಕು. ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್, ನೀರಿನ ಸಾಪೇಕ್ಷ ಸಾಂದ್ರತೆ 1.023ರಿಂದ 1.025, ಪಿಎಚ್ 8.1ರಿಂದ 8.4 ಇದ್ದರೆ ಒಳ್ಳೆಯದು. ದೊಡ್ಡ ಊಟ ಜೀರ್ಣವಾಗುವಾಗ ಮೀನಿಗೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಬೇಸಿಗೆಯ ಬಿಸಿ ನೀರಿನಲ್ಲಿ ಅದು ಕಡಿಮೆ ಕರಗುತ್ತದೆ. ಕರೆಂಟು ಹೋದಾಗ ಬ್ಯಾಟರಿಯಲ್ಲಿ ನಡೆಯುವ ಗಾಳಿ ಪಂಪು ಇದ್ದರೆ ಜೀವ ಉಳಿಯುತ್ತದೆ.

ಜಗಳದ ಒತ್ತಡಕ್ಕೆ ಸಿಕ್ಕ ಮೀನಿನ ರೋಗನಿರೋಧಕ ಶಕ್ತಿ ಕುಗ್ಗಿ, ಕ್ರಿಪ್ಟೊಕ್ಯಾರಿಯಾನ್ ಪರಾವಲಂಬಿಯಿಂದ ಬರುವ ಬಿಳಿಚುಕ್ಕೆ ರೋಗ ಹತ್ತುತ್ತದೆ. ಅದಕ್ಕೆ ಬಳಸುವ ತಾಮ್ರದ ಔಷಧವನ್ನು ಮೊರೆ ಮತ್ತು ಪಫರ್‌ಗಳು ಸುಲಭವಾಗಿ ತಾಳವು. ಹೊಸ ಮೀನನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದೇ ಉತ್ತಮ ದಾರಿ. ಕಡ್ಡಿಯ ಊಟ ಕಲಿಸಲೂ ಅದು ಹದವಾದ ಕಾಲ.

ಸಾಕುವವರ ಸುರಕ್ಷತೆ

ಸಿಂಹಮೀನಿನ ಬೆನ್ನಿನ 13 ಮುಳ್ಳುಗಳಲ್ಲೂ, ಹೊಟ್ಟೆ ಮತ್ತು ಗುದರೆಕ್ಕೆಗಳ ಮುಳ್ಳುಗಳಲ್ಲೂ ವಿಷವಿದೆ. ಅದನ್ನು ಮೀನು ಆತ್ಮರಕ್ಷಣೆಗೆ ಬಳಸುತ್ತದೆ, ಬೇಟೆಗಲ್ಲ. ಚುಚ್ಚಿದಾಗ ತಾಳಿಕೊಳ್ಳಬಹುದಾದಷ್ಟು ಬಿಸಿ, ಆದರೆ 45 ಡಿಗ್ರಿ ಮೀರದ ನೀರಿನಲ್ಲಿ ಗಾಯವನ್ನು 30ರಿಂದ 90 ನಿಮಿಷ ಮುಳುಗಿಸಿಡುತ್ತಾರೆ. ವಿಷದ ಪ್ರೋಟೀನ್ ಶಾಖಕ್ಕೆ ಕೆಡುತ್ತದೆ. ನಂತರ ವೈದ್ಯರಲ್ಲಿಗೆ ಹೋಗಬೇಕು. ಇದೇ ಬಳಗದ ಕಲ್ಲುಮೀನಿನ ವಿಷ ಪ್ರಾಣಾಂತಿಕವಾದ್ದರಿಂದ ಅದನ್ನು ಮನೆಯಲ್ಲಿ ಸಾಕಬಾರದು.

ಪರಿಸರ ಮತ್ತು ಕಾನೂನು

ಬೇಟೆಗಾರ ಮೀನುಗಳಲ್ಲಿ ಬಹುಪಾಲು ಇಂದಿಗೂ ಕಡಲಿನಿಂದಲೇ ಬರುತ್ತವೆ. ಇಂಡೋನೇಷ್ಯಾದಲ್ಲಿ ಊಟಕ್ಕಾಗಿ ಸಾಕುವ ಪ್ಯಾಂಥರ್ ಗ್ರೂಪರ್‌ನಂಥವು ಅಪವಾದ. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳ ನಡುವೆ ಗ್ರೂಪರ್, ಟ್ರಿಗರ್, ಮೊರೆಗಳನ್ನು ಮುಳುಗುಗಾರರು ನೋಡಬಹುದು. ಅಲ್ಲಿನ ಹವಳವನ್ನು ತೊಟ್ಟಿಯ ಅಲಂಕಾರಕ್ಕೆ ತರುವಂತಿಲ್ಲ.

ಸಾಕಲಾಗದ ಮೀನನ್ನು ಕಡಲಿಗೆ ಬಿಡುವುದು ಬೇರೆಲ್ಲಕ್ಕಿಂತ ದೊಡ್ಡ ಅಪಾಯ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಮೂಲದ ಸಿಂಹಮೀನು 1985ರಲ್ಲಿ ಫ್ಲಾರಿಡಾದ ಕರಾವಳಿಯಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂಗಳಿಂದ ಹೊರಬಿದ್ದದ್ದೇ ಮೂಲವೆಂದು ವಿಜ್ಞಾನಿಗಳ ಅಭಿಪ್ರಾಯ. ಮುಂದಿನ ಎರಡೂವರೆ ದಶಕದಲ್ಲಿ ಅದು ಕೆರಿಬಿಯನ್ ಉದ್ದಕ್ಕೂ ಹಬ್ಬಿತು. ಬಹಾಮಾಸ್‌ನ ಚಿಕ್ಕ ದಿಬ್ಬಗಳಲ್ಲಿ ಮಾರ್ಕ್ ಆಲ್ಬಿನ್ಸ್ ಮತ್ತು ಮಾರ್ಕ್ ಹಿಕ್ಸನ್ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಂಹಮೀನು ಇದ್ದ ಕಡೆ ಹೊಸದಾಗಿ ನೆಲೆಸುವ ಸ್ಥಳೀಯ ಮರಿಮೀನುಗಳ ಪ್ರಮಾಣ ಐದು ವಾರದಲ್ಲಿ ಸರಾಸರಿ ಶೇಕಡಾ 79ರಷ್ಟು ಕುಗ್ಗಿತ್ತು. ಅಲ್ಲಿನ ಸಿಂಹಮೀನುಗಳ ಹೊಟ್ಟೆ ಸೀಳಿ ನೋಡಿದವರಿಗೆ, ಅತಿಯಾಗಿ ತಿನ್ನಿಸಿದ ಅಕ್ವೇರಿಯಂ ಮೀನಿನಲ್ಲಿ ಕಾಣುವ ಅದೇ ಕೊಬ್ಬು ಕಂಡಿದೆ. ಬೆಳೆದು ತೊಟ್ಟಿಗೆ ಹಿಡಿಸದಾದ ಮೀನನ್ನು ಅಂಗಡಿಗೆ ಮರಳಿಸುವುದು, ದೊಡ್ಡ ತೊಟ್ಟಿಯಿರುವ ಸಾಕಣೆಗಾರರಿಗೆ ಕೊಡುವುದು ಒಪ್ಪಿತ ಕ್ರಮಗಳು. ಇವುಗಳಲ್ಲಿ ಯಾವುದಕ್ಕೆ ದಾರಿಯಿದೆ ಎಂಬುದನ್ನು ಮೀನು ಕೊಳ್ಳುವ ಮುನ್ನವೇ ವಿಚಾರಿಸಿಕೊಳ್ಳಬೇಕು.